ಮಾರ್ಗಸೂಚಿ ಪಾಲಿಸಿದರೂ ತೂಕ ಏರುತ್ತಿದೆ, ಯಾಕೆ?

ಪ್ರಶ್ನೆ: ನನಗೆ 47 ವರ್ಷ, ದಿನವಿಡೀ ಕೂತು ಮಾಡುವ ಕೆಲಸ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ನೋಡಿ, ಆರು ತಿಂಗಳಿಂದ ದಿನಾ ಒಂದು ಹಿಡಿ ಕಡಲೆಕಾಯಿ ಬೀಜ, ಒಂದೂವರೆ ಲೋಟ ಹಾಲು, ಒಂದು ಹಣ್ಣು ಶುರು ಮಾಡಿದೆ. ಊಟ ಮೊದಲಿನಂತೆಯೇ. ಬೆಳಿಗ್ಗೆ ನಾಲ್ಕು ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ, ಅದರ ಮೇಲೆ ಅನ್ನ. ರಾತ್ರಿ ಎರಡು ಚಪಾತಿ, ಮೊಸರನ್ನ. ಮೂರು ಕೆಜಿ ಏರಿದೆ. ಮಾರ್ಗಸೂಚಿಯೇ ತಪ್ಪಾ?
– ಓದುಗರು, ತುಮಕೂರು

ಉತ್ತರ: ಮಾರ್ಗಸೂಚಿ ತಪ್ಪಲ್ಲ ಅಮ್ಮಾ. ಅದು ಹೇಳಿದ್ದರಲ್ಲಿ ಅರ್ಧ ಮಾತ್ರ ನಿಮ್ಮ ತಟ್ಟೆಗೆ ಬಂದಿದೆ. "ಊಟ ಮೊದಲಿನಂತೆಯೇ" ಎಂದಿರಲ್ಲ, ಉತ್ತರ ಅಲ್ಲೇ ಇದೆ.

ಮಾರ್ಗಸೂಚಿಯಲ್ಲಿ ಒಂದು ದಿನದ ಊಟವನ್ನು ತಟ್ಟೆಯ ಚಿತ್ರವಾಗಿ ತೋರಿಸಿದ್ದಾರೆ. ಆ ತಟ್ಟೆಯಲ್ಲಿ ಬೀಜ 35 ಗ್ರಾಂ, ಹಾಲು-ಮೊಸರು 300 ಮಿಲಿ ಇರುವುದು ನಿಜ. ಆದರೆ ಅಕ್ಕಿ, ರಾಗಿ, ಗೋಧಿ ಎಲ್ಲಾ ಸೇರಿ ಇಡೀ ದಿನಕ್ಕೆ 250 ಗ್ರಾಂ ಅಷ್ಟೇ. ಅದೂ ಬೇಯಿಸುವ ಮೊದಲಿನ ತೂಕ. ಈಗ ನಿಮ್ಮ ದಿನ ನೋಡೋಣ. ಇಡ್ಲಿಗೆ ಸುಮಾರು 80 ಗ್ರಾಂ ಅಕ್ಕಿ, ಮುದ್ದೆಗೆ 100 ಗ್ರಾಂ ಹಿಟ್ಟು, ಮಧ್ಯಾಹ್ನದ ಅನ್ನಕ್ಕೆ 70, ಚಪಾತಿಗೆ 60, ಮೊಸರನ್ನಕ್ಕೆ 50. ಒಟ್ಟು 360! ರಾಗಿ ಒಳ್ಳೆಯದು, ನಾನೂ ತಿನ್ನುತ್ತೇನೆ. ಆದರೆ ಅದೂ ಈ 250ರ ಲೆಕ್ಕಕ್ಕೇ ಸೇರುತ್ತದೆ. "ರಾಗಿ ಅಲ್ವಾ, ಎಷ್ಟು ತಿಂದರೂ ಏನಾಗಲ್ಲ" ಎನ್ನುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ.

ಹಾಗೆ ಜಾಸ್ತಿಯಾದ ಧಾನ್ಯದ ಮೇಲೆ ಬೀಜ, ಹಾಲು ಬಂದವು. ಅವೆರಡರಿಂದಲೇ ದಿನಕ್ಕೆ ಹತ್ತಿರಹತ್ತಿರ 400 ಕ್ಯಾಲರಿ. ಅಕ್ಕಿಯ ಜಾಗಕ್ಕೆ ಬರಬೇಕಾದದ್ದು ಅಕ್ಕಿಯ ಜೊತೆಗೆ ಬಂದು ಕೂತಿತು.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಆ ತಟ್ಟೆ 2000 ಕ್ಯಾಲರಿಯದು. ಕೂತು ಕೆಲಸ ಮಾಡುವ, ಸುಮಾರು 55 ಕೆಜಿ ತೂಕದ ಹೆಂಗಸಿಗೆ ಅದೇ ಸಂಸ್ಥೆ ಲೆಕ್ಕ ಹಾಕಿರುವುದು 1660 ಕ್ಯಾಲರಿ. ಅಂದರೆ ಚಿತ್ರದಲ್ಲಿದ್ದಷ್ಟನ್ನೂ ತಪ್ಪದೆ ತಿಂದರೂ ನಿಮಗೆ ಹೆಚ್ಚೇ.

ಹಾಗಂತ ಮುದ್ದೆ ಬಿಡಬೇಡಿ. ಮುದ್ದೆ ತಿಂದ ಮಧ್ಯಾಹ್ನ ಅನ್ನ ಬೇಡ, ಚಪಾತಿ ತಿಂದ ರಾತ್ರಿ ಮೊಸರನ್ನ ಬೇಡ. ಬರೀ ಮೊಸರು ಇರಲಿ. ಇಡ್ಲಿ ಮೂರು ಸಾಕು. ಆಗ ಧಾನ್ಯ 220ರ ಆಸುಪಾಸಿಗೆ ಬರುತ್ತದೆ. ಬೀಜ 20 ಗ್ರಾಂಗೆ ಇಳಿಸಿ. ಖಾಲಿಯಾದ ಜಾಗಕ್ಕೆ ಹುರುಳಿಕಾಯಿ ಪಲ್ಯ, ಸೊಪ್ಪಿನ ಸಾರು, ಕೋಸಂಬರಿ ಬರಲಿ. ತರಕಾರಿ ದಿನಕ್ಕೆ 400 ಗ್ರಾಂ ಬೇಕು, ಸಾಂಬಾರಿನಲ್ಲಿ ತೇಲುವ ಎರಡು ಹೋಳು ಸಾಲದು. ನಿಮ್ಮನೆ ಅಕ್ಕಿ ಲೋಟಕ್ಕೆ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಮ್ಮೆ ತೂಕ ಮಾಡಿ ನೋಡಿ, ಆಮೇಲೆ ಅಂದಾಜು ತಪ್ಪುವುದಿಲ್ಲ.

ಎಣ್ಣೆಯ ಬಗ್ಗೆ ನೀವು ಬರೆದಿಲ್ಲ. 2000 ಕ್ಯಾಲರಿಯ ತಟ್ಟೆಯಲ್ಲೇ ಅದು ಒಬ್ಬರಿಗೆ 27 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಆಯಿತು. ಐದು ಲೀಟರ್ ಕ್ಯಾನ್ ತಿಂಗಳೊಳಗೆ ಮುಗಿಯುತ್ತಿದ್ದರೆ ಅಲ್ಲೂ ಕೈ ಹಿಡಿಯಬೇಕು.

ಸೊಂಟದ ಸುತ್ತಳತೆಯನ್ನು ಟೇಪಿನಲ್ಲಿ ನೋಡಿಕೊಳ್ಳಿ. ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಹೊಟ್ಟೆಯ ಬೊಜ್ಜು ಎಂದು ಲೆಕ್ಕ. ಎರಡು ತಿಂಗಳು ಹೀಗೆ ಮಾಡಿಯೂ ತೂಕ ಏರುತ್ತಲೇ ಇದ್ದರೆ ಸುಮ್ನೆ ಊಟ ಇನ್ನೂ ಕಡಿಮೆ ಮಾಡಬೇಡಿ. ವೈದ್ಯರನ್ನು ಕಂಡು ಥೈರಾಯ್ಡ್, ಸಕ್ಕರೆ ಎರಡೂ ಪರೀಕ್ಷೆ ಮಾಡಿಸಿ.