ತಪ್ಪಿದ ಒಂದು ದಿನ

ಪ್ರಿಯ ಓದುಗರೇ,

ಹೆಸರನ್ನು ಅಚ್ಚು ಹಾಕಬಾರದೆಂಬ ನಿಮ್ಮ ಕೋರಿಕೆಯಂತೆ ಹೆಸರಿಲ್ಲದೆಯೇ ಉತ್ತರಿಸುತ್ತಿದ್ದೇನೆ. ವರ್ಷದ ಮೊದಲ ದಿನ ಹೊಸ ನೋಟುಪುಸ್ತಕದಲ್ಲಿ 11 ಸಂಕಲ್ಪಗಳನ್ನು ಬರೆದುಕೊಂಡಿರಿ. ನಸುಕಿನಲ್ಲಿ ಏಳುವುದರಿಂದ ಹಿಡಿದು ಮಲಗುವ ಮುನ್ನ ದಿನಚರಿ ಬರೆಯುವವರೆಗೆ ಎಲ್ಲವನ್ನೂ 19 ದಿನ ನಡೆಸಿದಿರಿ. 20ನೆಯ ದಿನ ಜ್ವರ ಬಂದು ಎಲ್ಲವೂ ತಪ್ಪಿತು, ಆಮೇಲೆ ಆ ಪುಸ್ತಕವನ್ನು ತೆರೆಯುವುದಕ್ಕೇ ಮನಸ್ಸಾಗಲಿಲ್ಲ. ‘ನನಗೆ ಮನೋಬಲವಿಲ್ಲ, ಸಾರ್ಥಕವಾಗಿ ಬದುಕಲು ದಿನವೂ ಪಾಲಿಸಬಹುದಾದ ಹತ್ತು ಸೂತ್ರಗಳನ್ನಾದರೂ ಪ್ರಕಟಿಸಿ’ ಎಂದು ಕೇಳಿದ್ದೀರಿ.

ಹನ್ನೊಂದರ ಭಾರಕ್ಕೆ ಕುಸಿದವರ ಹೆಗಲಿಗೆ ಇನ್ನೂ ಹತ್ತನ್ನು ಏರಿಸಲು ನನಗೆ ಮನಸ್ಸಿಲ್ಲ. ಅಂಥ ಪಟ್ಟಿಗಳನ್ನು ಜನವರಿ ಸಂಚಿಕೆಗಳಲ್ಲಿ ನಾವೇ ಅಚ್ಚು ಹಾಕಿದ್ದೇವೆ, ‘21 ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ನೀವು ಓದಿದ್ದೂ ಅಲ್ಲಿಯೇ. ಆದ್ದರಿಂದ ನಿಮ್ಮ ನಿರಾಶೆಯಲ್ಲಿ ನಮ್ಮ ಪಾಲೂ ಇದೆ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್, ಶಸ್ತ್ರಚಿಕಿತ್ಸೆಯಾದವರು ಕನ್ನಡಿಯಲ್ಲಿ ಕಾಣುವ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆಂದು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಸಾಗುವಾಗ ‘ಕನಿಷ್ಠ’ ಎಂಬ ಪದ ಉದುರಿಹೋಯಿತು, ಮುಖದ ಬಗ್ಗೆ ಆಡಿದ ಮಾತು ಮುಂಜಾನೆಯ ವ್ಯಾಯಾಮಕ್ಕೂ ಅಂಟಿಕೊಂಡಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ, ಒಂದು ಕೆಲಸ ಯೋಚಿಸದೆಯೇ ನಡೆಯುವಷ್ಟು ರೂಢಿಯಾಗಲು ಸುಮಾರು 66 ದಿನ ಹಿಡಿಯುತ್ತದೆಂದು ಕಂಡುಕೊಂಡರು. ಕೆಲವರಿಗೆ 18 ದಿನ ಸಾಕಾಯಿತು, 12 ವಾರಗಳಲ್ಲಿ ರೂಢಿ ಪೂರ್ತಿಯಾಗದ ಕೆಲವರ ವಿಷಯದಲ್ಲಿ ಅಂದಾಜಿನ ಲೆಕ್ಕ 254 ದಿನಗಳವರೆಗೆ ಹೋಯಿತು. ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಸಂಖ್ಯೆಗಳನ್ನಲ್ಲ. ನಡುವೆ ಒಂದು ದಿನ ತಪ್ಪಿಸಿದವರಿಗೆ ಅದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ ಎಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ನಿಮ್ಮ ಸಂಕಲ್ಪಗಳನ್ನು ಕೆಡಿಸಿದ್ದು 20ನೆಯ ದಿನದ ಜ್ವರವಲ್ಲ, ಒಮ್ಮೆ ತಪ್ಪಿದರೆ ಎಲ್ಲವೂ ಮುಗಿಯಿತೆಂದು 21ನೆಯ ದಿನ ನೀವು ಕೊಟ್ಟುಕೊಂಡ ತೀರ್ಪು.

ಮನೋಬಲದ ಬಗ್ಗೆ ಒಂದೆರಡು ಮಾತು. ‘ಹೆಚ್ಚು ಓದುತ್ತೇನೆ’ ಎಂಬ ಸಂಕಲ್ಪ ಪ್ರತಿದಿನವೂ ಹೊಸದಾಗಿ ನಿರ್ಧಾರ ಕೇಳುತ್ತದೆ, ದಣಿದ ಸಂಜೆಗಳಲ್ಲಿ ಆ ನಿರ್ಧಾರ ಯಾರಲ್ಲೂ ಗಟ್ಟಿಯಾಗಿರುವುದಿಲ್ಲ. ‘ರಾತ್ರಿ ದೀಪ ಆರಿಸುವ ಮೊದಲು ಹಾಸಿಗೆಯ ಪಕ್ಕದಲ್ಲಿರುವ ಪುಸ್ತಕದ ಎರಡು ಪುಟ ಓದುತ್ತೇನೆ’ ಎಂದುಕೊಂಡರೆ ಹೊತ್ತು, ಜಾಗ, ಅಳತೆ ಮೂರೂ ಮೊದಲೇ ತೀರ್ಮಾನವಾಗಿರುತ್ತವೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1990ರ ದಶಕದಿಂದ ನಡೆಸಿದ ಪ್ರಯೋಗಗಳಲ್ಲಿ, ಬರಿಯ ಗುರಿ ಇಟ್ಟುಕೊಂಡವರಿಗಿಂತ ‘ಇಂಥ ಸಂದರ್ಭ ಬಂದಾಗ ಇಂಥದ್ದನ್ನು ಮಾಡುತ್ತೇನೆ’ ಎಂದು ಮುಂಚೆಯೇ ಗೊತ್ತುಮಾಡಿಕೊಂಡವರು ಹೆಚ್ಚಾಗಿ ಕೆಲಸ ಪೂರೈಸಿದರು.

ಇಷ್ಟಾಗಿಯೂ ನಿಮ್ಮ ಪಟ್ಟಿಯ ಬಗ್ಗೆ ನನಗೊಂದು ತಕರಾರಿದೆ. ಹನ್ನೊಂದೂ ನಿಮ್ಮನ್ನೇ ತಿದ್ದಿಕೊಳ್ಳುವ ಕೆಲಸಗಳು, ಅವುಗಳಲ್ಲಿ ಇನ್ನೊಬ್ಬ ಮನುಷ್ಯನಿಲ್ಲ. ಪತ್ರದ ಕೊನೆಯಲ್ಲಿ ಮಾತ್ರ, ಸಹಿಗೆ ತುಸು ಮೇಲೆ, ‘ಅಣ್ಣನೊಡನೆ ಮನಬಿಚ್ಚಿ ಮಾತನಾಡಿ ಎರಡು ವರ್ಷವಾಯಿತು, ಜಗಳವೇನಿಲ್ಲ, ಸಮಯವಾಗಲಿಲ್ಲ’ ಎಂದು ಬರೆದಿದ್ದೀರಿ. ನಾಲ್ಕು ಪುಟಗಳಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಸಾಲನ್ನೇ. 1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾಗಿ, ಯುವಕರ ಒಂದು ಗುಂಪನ್ನು ಮುಪ್ಪಿನವರೆಗೂ ಹಿಂಬಾಲಿಸಿದ ಅಧ್ಯಯನದಲ್ಲಿ, ಆರೋಗ್ಯದಿಂದಲೂ ನೆಮ್ಮದಿಯಿಂದಲೂ ಬಾಳಿದವರನ್ನು ಗುರುತಿಸಲು ಹಣ, ಕೀರ್ತಿಗಳಿಗಿಂತ ಆಪ್ತ ಸಂಬಂಧಗಳೇ ಹೆಚ್ಚು ನೆರವಾದವು. ಸಂಬಂಧವೊಂದೇ ಸುಖಕ್ಕೆ ಕಾರಣವೆಂದು ಇದರಿಂದ ಸಾಧಿಸಿದಂತಾಗದು. ಆದರೆ ಸಮಯವಿಲ್ಲವೆಂದು ನಾವು ಮೊದಲು ಕೈಬಿಡುವುದು ಯಾವುದನ್ನು ಎಂಬುದನ್ನು ನೋಡಿಕೊಳ್ಳಲು ಇಷ್ಟು ಸಾಕು.

ಆದ್ದರಿಂದ ಪಟ್ಟಿಗೆ ಸೇರಿಸುವುದನ್ನು ಬಿಟ್ಟು ಅದರಿಂದ ಅಳಿಸಲು ತೊಡಗಿ. ನಸುಕಿನಲ್ಲಿ ಏಳುವುದು ನಿಮಗೆ ನಿಜಕ್ಕೂ ಬೇಕೋ, ಅಥವಾ ಏಳುವವರನ್ನು ಕಂಡು ಬೇಕೆನಿಸಿತೋ? ಯಾವುದನ್ನು ಬಿಟ್ಟರೆ ನಿಮ್ಮ ಹೊರತು ಯಾರಿಗೂ ತಿಳಿಯುವುದಿಲ್ಲವೋ, ಬಿಟ್ಟ ಮೇಲೆ ನಿಮಗೂ ಬೇಸರವಾಗುವುದಿಲ್ಲವೋ ಅದಕ್ಕೆ ಗೆರೆ ಎಳೆಯಿರಿ. ಹೀಗೆ ಬಿಡುವಾದ ಹೊತ್ತಿನಲ್ಲಿ, ಭಾನುವಾರ ಸಂಜೆಯೋ ಮತ್ತಾವಾಗಲೋ, ಅಣ್ಣನಿಗೆ ಕರೆ ಮಾಡುವ ವೇಳೆಯನ್ನು ಗೊತ್ತುಮಾಡಿಕೊಳ್ಳಿ. ಮೊದಲ ಕರೆಯಲ್ಲಿ ಮಾತು ತೊಡರಬಹುದು. ಒಂದು ಭಾನುವಾರ ತಪ್ಪಿಯೂ ಹೋಗಬಹುದು, ಆಗ ಮರುವಾರ ಮಾಡಿ.

ಹತ್ತು ಸೂತ್ರಗಳನ್ನು ಪ್ರಕಟಿಸುತ್ತಿಲ್ಲ, ಕ್ಷಮಿಸಿ. ಹನ್ನೊಂದರಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಅಣ್ಣ ಏನೆಂದರು ಎಂಬುದನ್ನು ಬಿಡುವಾದಾಗ ಬರೆಯಿರಿ. ಅಚ್ಚು ಹಾಕುವುದಕ್ಕಲ್ಲ, ನನಗೆ ತಿಳಿಯುವ ಆಸೆಯಿದೆ.

– ಸಂಪಾದಕ