ಭೂಸುಧಾರಣೆ ಕಾನೂನುಗಳ ವಿರುದ್ಧ ಕೋರ್ಟಿಗೆ ಹೋದ ಜಮೀನ್ದಾರರು ಗೆದ್ದರೇ?

ಒಮ್ಮೆ ಗೆದ್ದರು, ಆದರೆ ಆ ಗೆಲುವು ಜಾಸ್ತಿ ದಿನ ಉಳಿಯಲಿಲ್ಲ.

ಜಮೀನ್ದಾರಿ ರದ್ದು ಮಾಡಿದ ಬಿಹಾರದ 1950ರ ಕಾನೂನನ್ನೇ ನೋಡಿ. ಸಣ್ಣ ಜಮೀನ್ದಾರನಿಗೆ ನಿವ್ವಳ ವರಮಾನದ 20 ಪಟ್ಟು ಪರಿಹಾರ, ಭಾರಿ ಜಮೀನ್ದಾರನಿಗೆ ಬರೀ 3 ಪಟ್ಟು. ಇದು ಸಮಾನತೆಗೆ ವಿರುದ್ಧ ಎಂದು ದರ್ಭಾಂಗದ ಮಹಾರಾಜ ಕಾಮೇಶ್ವರ ಸಿಂಗ್ ವಾದಿಸಿದರು. ಪಾಟ್ನಾ ಹೈಕೋರ್ಟ್ 1951ರ ಮಾರ್ಚ್‌ನಲ್ಲಿ ಕಾನೂನನ್ನೇ ರದ್ದು ಮಾಡಿತು. ನೆಹರೂ ಸರ್ಕಾರ ಸುಮ್ನೆ ಕೂರಲಿಲ್ಲ. ಜೂನ್‌ನಲ್ಲೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು, ಒಂಬತ್ತನೇ ಶೆಡ್ಯೂಲ್ ಸೇರಿಸಿತು. ಅದರೊಳಗೆ ಇಟ್ಟ ಕಾನೂನನ್ನು ಮೂಲಭೂತ ಹಕ್ಕಿನ ಹೆಸರಲ್ಲಿ ಪ್ರಶ್ನಿಸುವಂತಿಲ್ಲ! ಮೊದಲ ಪಟ್ಟಿಯಲ್ಲಿ 13 ಕಾನೂನುಗಳಿದ್ದವು.

ಆಮೇಲೆ ಜಗಳ ಜಮೀನಿನಿಂದ ತಿದ್ದುಪಡಿಯ ಅಧಿಕಾರಕ್ಕೇ ತಿರುಗಿತು. 1967ರಲ್ಲಿ ಪಂಜಾಬಿನ ಗೋಲಕನಾಥ್ ಕುಟುಂಬದ ಜಮೀನಿನ ಪ್ರಕರಣ, ನಂತರ ನಮ್ಮ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರದು. ಮಠದ ಜಮೀನಿಗೆ ಕೇರಳದ ಕಾನೂನು ಕೈ ಹಾಕಿತ್ತು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು, ಅಂದರೆ ಸಂವಿಧಾನದ ಬುನಾದಿಯಾದ ಅಂಶಗಳನ್ನು, ಕೆಡಿಸುವಂತಿಲ್ಲ ಎಂದಿತು. ದೇಶಕ್ಕೆ ದೊಡ್ಡ ತತ್ವ ಸಿಕ್ಕಿತು. ಭೂಸುಧಾರಣೆ ಮಾತ್ರ ನಿಲ್ಲಲಿಲ್ಲ.

ಈಗಲೂ ಆ ದಿನಾಂಕವೇ ಗೆರೆ. ಅದರ ನಂತರ ಒಂಬತ್ತನೇ ಶೆಡ್ಯೂಲ್‌ಗೆ ಸೇರಿದ ಕಾನೂನು ಮೂಲ ರಚನೆಗೆ ಧಕ್ಕೆ ತರುತ್ತದೆಯೇ ಎಂದು ಕೋರ್ಟ್ ನೋಡಬಹುದು. 2007ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು.