ಪೋ ಕುರಿತ ಪ್ರಬಂಧಕ್ಕೆ ಯಾವ ಜೀವನಚರಿತ್ರೆಯನ್ನು ನಂಬಬೇಕು?

ಅಮೆರಿಕದ ಕವಿ, ಕಥೆಗಾರ ಎಡ್ಗರ್ ಅಲನ್ ಪೋನ ಕಥೆಗಳನ್ನು ಅವನ ಬದುಕಿನ ಬೆಳಕಿನಲ್ಲಿ ಓದುವ ಎಂ.ಎ. ಪ್ರಬಂಧ ಬರೆಯುತ್ತಿದ್ದೀರಿ, ಕಣ್ಣುಮುಚ್ಚಿ ನಂಬಬಹುದಾದ ಒಂದು ಜೀವನಚರಿತ್ರೆಯನ್ನು ಹೇಳಿ ಎಂದು ಕೇಳಿದ್ದೀರಿ. ಎಂ.ಫಿಲ್. ಮಾಡುವಾಗ ನಾನು ಹುಡುಕುತ್ತಿದ್ದದ್ದೂ ಅದನ್ನೇ. ಆ ಹುಡುಕಾಟದಲ್ಲಿ ನನ್ನ ಪ್ರಬಂಧದ ಅತಿ ದೊಡ್ಡ ಅಧ್ಯಾಯವನ್ನು ಕಳೆದುಕೊಂಡೆ.

ಅದು ವಿಮರ್ಶಕನಾಗಿ ಪೋ ಹೇಗಿದ್ದ ಎಂಬುದನ್ನು ಕುರಿತ ಅಧ್ಯಾಯ. ರೂಫಸ್ ಗ್ರಿಸ್‌ವೋಲ್ಡ್ ಎಂಬ ಸಂಪಾದಕ 1842ರಲ್ಲಿ ಅಮೆರಿಕದ ಕವಿಗಳ ದೊಡ್ಡ ಸಂಕಲನವೊಂದನ್ನು ಹೊರತಂದ. ಅದೇ ವರ್ಷ ಗ್ರಹಾಮ್ಸ್ ಮ್ಯಾಗಜೀನ್‌ನಲ್ಲಿ ಪೋ ತೆರವು ಮಾಡಿದ ಸಂಪಾದಕನ ಜಾಗಕ್ಕೂ ಬಂದ. ಮರುವರ್ಷ ಪೋ ತನ್ನ ಉಪನ್ಯಾಸದಲ್ಲಿ ಆ ಸಂಕಲನವನ್ನು ಕಟುವಾಗಿ ಟೀಕಿಸಿದ. ಇಬ್ಬರ ನಡುವೆ ಆಗಾಗ ರಾಜಿಯೂ ಆಗುತ್ತಿತ್ತೆನ್ನುವುದು ನಿಜ. ಆದರೆ ನಾನು ಓದಿದ ಪುಸ್ತಕಗಳು ಉದ್ಧರಿಸಿದ್ದ ಪತ್ರಗಳಲ್ಲಿ ಪೋ ಗ್ರಿಸ್‌ವೋಲ್ಡನನ್ನು ಮನಸಾರೆ ಹೊಗಳುತ್ತಿದ್ದ. ವೇದಿಕೆಯ ಮೇಲೆ ಹಳಿದವನು ಕಾಗದದಲ್ಲಿ ಓಲೈಸುತ್ತಾನೆ ಎಂದು ನಾನು ತೀರ್ಮಾನಿಸಿದೆ. ಪೋನ ವಿಮರ್ಶೆಯ ಹಿಂದೆಲ್ಲ ಈ ಇಬ್ಬಗೆತನವೇ ಇದೆ ಎಂದು ವಾದಿಸಿದೆ.

ಮೌಖಿಕ ಪರೀಕ್ಷೆಗೆ ಬಂದಿದ್ದ ಹೊರಗಿನ ಪರೀಕ್ಷಕರು ಕೇಳಿದ್ದು ಇಷ್ಟೇ: ಈ ಪತ್ರದ ಈ ಸಾಲು ಮೊದಲು ಎಲ್ಲಿ ಅಚ್ಚಾಯಿತು? ನನ್ನಲ್ಲಿ ಉತ್ತರವಿರಲಿಲ್ಲ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಅಮೆರಿಕನ್ ಅಧ್ಯಯನ ಸಂಶೋಧನಾ ಕೇಂದ್ರದ ಗ್ರಂಥಾಲಯಕ್ಕೆ ಹೋಗಿ ಕುಳಿತ ಮೇಲೆ ಉತ್ತರ ಸಿಕ್ಕಿತು. ಪೋ 1849ರ ಅಕ್ಟೋಬರ್ 7ರಂದು ಬಾಲ್ಟಿಮೋರ್‌ನಲ್ಲಿ ತೀರಿಕೊಂಡ. ಎರಡು ದಿನಗಳ ಬಳಿಕ ನ್ಯೂಯಾರ್ಕ್ ಟ್ರಿಬ್ಯೂನ್‌ನಲ್ಲಿ, ಈ ಸಾವಿಗೆ ದುಃಖಿಸುವವರು ಕೆಲವರೇ ಎಂಬರ್ಥದ ಬರಹ 'ಲುಡ್ವಿಗ್' ಎಂಬ ಹೆಸರಿನಲ್ಲಿ ಬಂತು. ಆ ಲುಡ್ವಿಗ್ ಗ್ರಿಸ್‌ವೋಲ್ಡನೇ. ಪೋನ ಅತ್ತೆ ಮರಿಯಾ ಕ್ಲೆಮ್ ಕೃತಿಗಳ ಅಧಿಕಾರವನ್ನು ಅವನ ಕೈಗೇ ಕೊಟ್ಟಳು, ಮತ್ತು ಪೋನ ಕೃತಿಗಳ 1850ರ ಆವೃತ್ತಿಗೆ ಅವನು ಬರೆದ ಜೀವನಕಥನ ಬಹುಕಾಲ ಎಲ್ಲರ ಆಕರವಾಯಿತು. ಅದರಲ್ಲಿ ಪೋನ ಪತ್ರಗಳನ್ನು ಅಚ್ಚು ಹಾಕಿಸುವಾಗ ಗ್ರಿಸ್‌ವೋಲ್ಡ್ ತನ್ನನ್ನು ಹೊಗಳುವ ಸಾಲುಗಳನ್ನು ತಾನೇ ಸೇರಿಸಿದ್ದ. ಮೂಲ ಹಸ್ತಪ್ರತಿಗಳನ್ನೂ ಅಚ್ಚಾದ ಪಾಠವನ್ನೂ ಅಕ್ಕಪಕ್ಕದಲ್ಲಿಟ್ಟು ಪೋನ ಜೀವನಚರಿತ್ರೆಕಾರ ಆರ್ಥರ್ ಹಾಬ್ಸನ್ ಕ್ವಿನ್ ಇದನ್ನು ಬಯಲು ಮಾಡಿದ್ದು 1941ರಲ್ಲಿ. ನಮ್ಮ ಗ್ರಂಥಾಲಯದಲ್ಲಿದ್ದವು ಅದಕ್ಕಿಂತ ಹಿಂದಿನ ಪುಸ್ತಕಗಳು.

ನನ್ನ ತಪ್ಪು ಎಲ್ಲಿತ್ತು ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಅದು ಗ್ರಿಸ್‌ವೋಲ್ಡನನ್ನು ನಂಬಿದ ತಪ್ಪಲ್ಲ. ಅವನು ಪೋನ ಹಗೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ನನ್ನ ಆಕರಗ್ರಂಥಗಳೇ ಅವನನ್ನು ಬೈದಿದ್ದವು. ಆದರೆ ಹಗೆ ಆಡಿದ ಮಾತನ್ನು ಸಂಶಯಿಸಿದ ನಾನು, ಅವನು ಉದ್ಧರಣ ಚಿಹ್ನೆಯೊಳಗೆ ಕೊಟ್ಟದ್ದನ್ನು ಸಂಶಯಿಸಲಿಲ್ಲ. ಪತ್ರವೆಂದರೆ ಪೋನದೇ ದನಿ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ಬೇರೆ ಬೇರೆ ಕಾಲದ ಮೂರು ಪುಸ್ತಕಗಳು ಅದೇ ಸಾಲನ್ನು ಕೊಟ್ಟಿದ್ದರಿಂದ ನನಗೆ ಮೂರು ಸಾಕ್ಷಿಗಳಿವೆ ಎಂದು ಭಾವಿಸಿದೆ. ಅಡಿಟಿಪ್ಪಣಿಗಳನ್ನು ಹಿಡಿದು ಹಿಂದಕ್ಕೆ ಹೋಗಿದ್ದರೆ ಮೂರೂ ಒಂದೇ ಪುಟಕ್ಕೆ ಬಂದು ನಿಲ್ಲುತ್ತಿದ್ದವು. ಪುಸ್ತಕಗಳು ಮೂರಿದ್ದರೂ ಸಾಕ್ಷಿ ಒಂದೇ, ಆ ಸಾಕ್ಷಿಯೂ ಸುಳ್ಳು. ಅಧ್ಯಾಯವನ್ನು ಪೂರ್ತಿ ತೆಗೆದು ಪ್ರಬಂಧವನ್ನು ಮತ್ತೆ ಸಲ್ಲಿಸುವಷ್ಟರಲ್ಲಿ ನನ್ನ ಶಿಷ್ಯವೇತನದ ಅವಧಿ ಮುಗಿದಿತ್ತು, ಪಿಎಚ್.ಡಿ.ಗೆ ಆಗ ಸಿಗಬಹುದಾಗಿದ್ದ ಅವಕಾಶವೂ ತಪ್ಪಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಅದು ಇರುವ ರೂಪದಲ್ಲಿ ನಾನು ಒಪ್ಪುವುದಿಲ್ಲ. ಕ್ವಿನ್ ದೊಡ್ಡ ವಿದ್ವಾಂಸ, ಅವನಿಗೆ ನಾನು ಋಣಿ. ಆದರೆ ಅವನೂ ಪೋನ ಪರವಾಗಿ ವಾದಿಸುವ ವಕೀಲನಂತೆ ಬರೆಯುತ್ತಾನೆ. ಗ್ರಿಸ್‌ವೋಲ್ಡನನ್ನು ಕಟುವಾಗಿ ಖಂಡಿಸಿದ ಫ್ರೆಂಚ್ ಕವಿ ಬೋದಿಲೇರ್ ಕೂಡ ಮದ್ಯದಲ್ಲಿ ಮುಳುಗಿದ ನತದೃಷ್ಟ ಕವಿಯ ಚಿತ್ರವನ್ನು ಕೈಬಿಡದೆ, ಅದನ್ನೇ ಹುತಾತ್ಮನ ಚಿತ್ರವಾಗಿ ಮಾಡಿದ. ಪೋನ ಸ್ವಂತ ಮಾತೂ ನೆಚ್ಚುವಂಥದ್ದಲ್ಲ: 1841ರಲ್ಲಿ ಗ್ರಿಸ್‌ವೋಲ್ಡನಿಗೆ ಬರೆದುಕೊಟ್ಟ ಟಿಪ್ಪಣಿಯಲ್ಲಿ ತಾನು ಗ್ರೀಸಿನ ಸ್ವಾತಂತ್ರ್ಯ ಹೋರಾಟಕ್ಕೆಂದು ಹೊರಟು ಸೇಂಟ್ ಪೀಟರ್ಸ್‌ಬರ್ಗ್ ತಲುಪಿದೆ ಎಂದಿದ್ದಾನೆ. ಅಸಲಿಗೆ 1827ರಲ್ಲಿ ಎಡ್ಗರ್ ಎ. ಪೆರ್ರಿ ಎಂಬ ಹೆಸರಿನಲ್ಲಿ ಅಮೆರಿಕದ ಸೇನೆ ಸೇರಿದ್ದ.

ಬದುಕಿನಿಂದ ಕೃತಿಯನ್ನು ವಿವರಿಸುವ ಆತುರವನ್ನೂ ಬಿಡಿ. 'ದಿ ರೇವನ್' ಕವಿತೆಯನ್ನು ಹೆಂಡತಿ ವರ್ಜೀನಿಯಾಳ ಸಾವಿನ ಶೋಕವೆಂದು ಹೇಳುವವರು ಇಂದಿಗೂ ಇದ್ದಾರೆ. ಕವಿತೆ ಅಚ್ಚಾದದ್ದು 1845ರ ಜನವರಿಯಲ್ಲಿ. ಅವಳು ತೀರಿಕೊಂಡದ್ದು 1847ರ ಜನವರಿಯಲ್ಲಿ. ಅವಳ ಕಾಯಿಲೆಯ ಭಯ ಆ ಕವಿತೆಯಲ್ಲಿದೆ ಎನ್ನಬಹುದು, ಅದು ಬೇರೆಯೇ ವಾದ, ಮತ್ತು ಅದಕ್ಕೆ ಬೇರೆಯೇ ಆಧಾರ ಬೇಕು.

ಜೀವನಚರಿತ್ರೆಯ ಬದಲು ದಾಖಲೆಗಳಿಂದ ಶುರು ಮಾಡಿ. ಜಾನ್ ವಾರ್ಡ್ ಆಸ್ಟ್ರಂ 1948ರಲ್ಲಿ ಸಂಪಾದಿಸಿದ ಪತ್ರಸಂಪುಟಗಳು, ಡ್ವೈಟ್ ಥಾಮಸ್ ಮತ್ತು ಡೇವಿಡ್ ಜಾಕ್ಸನ್ 1987ರಲ್ಲಿ ತಾರೀಖುವಾರು ದಾಖಲೆಗಳನ್ನು ಜೋಡಿಸಿ ತಂದ 'ದಿ ಪೋ ಲಾಗ್', ಇವೆರಡೂ ಮೇಜಿನ ಮೇಲಿರಲಿ. ಬಾಲ್ಟಿಮೋರಿನ ಪೋ ಸೊಸೈಟಿಯ ಜಾಲತಾಣದಲ್ಲಿ ಪತ್ರಗಳೂ ಕೃತಿಗಳ ಬೇರೆ ಬೇರೆ ಪಾಠಗಳೂ ಉಚಿತವಾಗಿ ಸಿಗುತ್ತವೆ. ನನ್ನ ಕಾಲಕ್ಕೆ ಇಲ್ಲದ ಅನುಕೂಲವದು.

ನಿಮ್ಮ ಮಾರ್ಗದರ್ಶಕರು ಒಪ್ಪಿದರೆ, ಹಲವು ಕಥೆಗಳ ಬದಲು 1839ರ 'ವಿಲಿಯಂ ವಿಲ್ಸನ್' ಒಂದನ್ನೇ ತೆಗೆದುಕೊಳ್ಳಿ. ಪೋ ಹುಡುಗನಾಗಿದ್ದಾಗ ಓದಿದ ಇಂಗ್ಲೆಂಡಿನ ಸ್ಟೋಕ್ ನ್ಯೂಯಿಂಗ್ಟನ್ ಶಾಲೆ, ಅಲ್ಲಿನ ಬ್ರಾನ್ಸ್‌ಬಿ ಮೇಷ್ಟ್ರ ಹೆಸರು, ತನ್ನದೇ ಹುಟ್ಟುಹಬ್ಬವಾದ ಜನವರಿ 19, ಎಲ್ಲವನ್ನೂ ಅವನೇ ಆ ಕಥೆಯೊಳಗೆ ಇಟ್ಟಿದ್ದಾನೆ. ಯಾವುದನ್ನು ಇದ್ದಂತೆ ಇಟ್ಟ, ಯಾವುದನ್ನು ಮಾರ್ಪಡಿಸಿದ ಎಂದು ದಾಖಲೆಗಳೊಡನೆ ಹೋಲಿಸುತ್ತ ಹೋದರೆ ಎಂ.ಎ. ಪ್ರಬಂಧಕ್ಕೆ ಅಷ್ಟೇ ಧಾರಾಳವಾಗಿ ಸಾಕು.